ಆಸ್ಪತ್ರೆಗಳಲ್ಲಿ ಕೆಲಸ ಮಾಡೋ ಎಲ್ಲರಿಗೂ, ಹೊರಗೆ ಬೆಂಚಿನ ಮೇಲೆ ಕಾಯ್ತಿರೋರಿಗೂ: ಎಚ್‌ಐವಿ ಇರೋ ಒಬ್ಬರ ಬಹಿರಂಗ ಪತ್ರ

ಡಾಕ್ಟ್ರುಗಳಿಗೆ, ಸಿಸ್ಟರ್‌ಗಳಿಗೆ, ಲ್ಯಾಬಲ್ಲಿ ರಕ್ತ ತೆಗೆಯೋರಿಗೆ, ಎಕ್ಸ್‌ರೇ ರೂಮಲ್ಲಿರೋರಿಗೆ, ವಾರ್ಡ್ ಕ್ಲೀನ್ ಮಾಡೋರಿಗೆ, ಕೌಂಟರಲ್ಲಿ ಫೈಲ್ ಮಾಡಿಕೊಡೋರಿಗೆ, ಮತ್ತೆ ಹೊರಗಡೆ ಟೋಕನ್ ಹಿಡ್ಕೊಂಡು ಕೂತಿರೋ ಎಲ್ಲರಿಗೂ ನಮಸ್ಕಾರ.

ನಂಗೆ ಎಚ್‌ಐವಿ ಇದೆ. ತುಂಬ ವರ್ಷದಿಂದ ಇದೆ. ದಿನಾ ರಾತ್ರಿ ಒಂದು ಮಾತ್ರೆ ನುಂಗ್ತೀನಿ, ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನೋ ಟೆಸ್ಟ್ ಮಾಡಿಸಿದಾಗೆಲ್ಲ ವೈರಸ್ ಪತ್ತೆಯಾಗಿಲ್ಲ ಅಂತಾನೇ ರಿಪೋರ್ಟ್ ಬರತ್ತೆ, ಕೆಲಸಕ್ಕೆ ಹೋಗ್ತೀನಿ, ಮನೆ ನಡೆಸ್ತೀನಿ, ಎಲ್ಲರ ಥರ ನಂಗೂ ನೆಗಡಿ ಆಗತ್ತೆ, ಬೆನ್ನು ನೋಯತ್ತೆ, ಹಲ್ಲು ನೋಯತ್ತೆ. ತೊಂದ್ರೆ ಶುರುವಾಗೋದೇ ಅಲ್ಲಿ. ಎಚ್‌ಐವಿಗೆ ಚಿಕಿತ್ಸೆ ಕೊಡೋ ಸೆಂಟರಲ್ಲಿ ನಂಗೆ ಯಾವ ಭಯಾನೂ ಇಲ್ಲ, ಅಲ್ಲಿರೋರಿಗೆ ಎಲ್ಲಾ ಗೊತ್ತು. ಬೆನ್ನು ನೋವಿಗೋ ಹಲ್ಲು ನೋವಿಗೋ ಬೇರೆ ಆಸ್ಪತ್ರೆಗೆ ಹೋಗ್ಬೇಕು ಅಂದ್ರೆ ಮಾತ್ರ ಹಿಂದಿನ ರಾತ್ರಿ ನಿದ್ದೆ ಬರಲ್ಲ.

ನಾನು ಹೇಳ್ಬೇಕಿರೋದು ಇಷ್ಟು. ನಮ್ಮನ್ನ ಬೇರೆ ಥರ ನಡೆಸ್ಕೊಂಡ್ರೆ ನಿಮ್ಗೆ ರಕ್ಷಣೆ ಸಿಗತ್ತೆ ಅಂತ ಅನ್ಸಿರಬಹುದು, ಆದ್ರೆ ಸಿಗಲ್ಲ. ಅದರಿಂದ ಆಗೋದು ಒಂದೇ, ಜನ ಟೆಸ್ಟ್ ಮಾಡಿಸ್ಕೊಳ್ಳೋಕೆ ಹೆದರ್ತಾರೆ, ಮಾಡಿಸ್ಕೊಂಡೋರು ಹೇಳೋಕೆ ಹೆದರ್ತಾರೆ, ಆ ಹೆದರಿಕೆಯಲ್ಲೇ ಕಾಯಿಲೆ ಹರಡತ್ತೆ. ಇದನ್ನ ನಾನು ಕೋಪದಲ್ಲಿ ಹೇಳ್ತಿಲ್ಲ, ಅಂದ್ರೆ ಕೋಪ ಇದೆ, ಇಲ್ಲ ಅಂತ ಹೇಳಲ್ಲ, ಆದ್ರೆ ಅದಕ್ಕಿಂತ ಹೆಚ್ಚಾಗಿ ನಿಮ್ಮ ಹತ್ರ ಬರದೇ ನಮಗೆ ಬೇರೆ ದಾರಿ ಇಲ್ಲ, ಅದಕ್ಕೆ ಹೇಳ್ತಿದೀನಿ.

ಹಲ್ಲು ನೋವಿನ ವಿಷಯಾನೇ ತಗೊಳ್ಳಿ. ದವಡೆ ಊದ್ಕೊಂಡಿತ್ತು, ಒಂದು ಕ್ಲಿನಿಕ್‌ಗೆ ಹೋದೆ, ಬೇರೆ ಏನಾದ್ರೂ ಕಾಯಿಲೆ ಇದ್ಯಾ ಅಂತ ಫಾರ್ಮಲ್ಲಿ ಕೇಳಿದ್ರು, ಬರೆದೆ. ಬರೀದೇನೂ ಇರಬಹುದಿತ್ತು, ಆದ್ರೆ ಅವರು ಕೊಡೋ ಔಷಧಿಗೂ ನಾನು ದಿನಾ ತಗೊಳ್ಳೋ ಮಾತ್ರೆಗೂ ಹೊಂದಲ್ಲ ಅಂದ್ರೆ ಡಾಕ್ಟ್ರಿಗೆ ಗೊತ್ತಿರ್ಲಿ ಅಂತ ಬರೆದೆ. ಚೇರಲ್ಲಿ ಕೂರಿಸಿ, ಕತ್ತಿಗೆ ಬಟ್ಟೆ ಕಟ್ಟಿ, ಮೇಲಿನ ಲೈಟ್ ಹಾಕಿದ್ರು. ಡಾಕ್ಟ್ರು ಬಂದು ಬಾಯಿ ನೋಡೋಕೆ ಬಗ್ಗಿ, ಪಕ್ಕದಲ್ಲಿದ್ದ ಫೈಲ್ ಮೇಲೆ ಕಣ್ಣು ಹೋದ ತಕ್ಷಣ ಹಾಗೇ ನೆಟ್ಟಗೆ ನಿಂತ್ರು. ಎರಡು ಹೆಜ್ಜೆ ಹಿಂದೆ ಹೋಗಿ "ನಮ್ಮಲ್ಲಿ ಇದಕ್ಕೆಲ್ಲ ಸೆಟಪ್ ಇಲ್ಲ, ದೊಡ್ಡ ಆಸ್ಪತ್ರೆಗೆ ಹೋಗ್ಬಿಡಿ" ಅಂದ್ರು. ನಾನಿನ್ನೂ ಚೇರಿಂದ ಇಳಿದಿರ್ಲಿಲ್ಲ, ಅಸಿಸ್ಟೆಂಟ್ ಬಂದು ನಾನು ಕೈ ಇಟ್ಕೊಂಡಿದ್ದ ಜಾಗಾನ ಸ್ಪಿರಿಟ್ ಹಾಕಿ ಒರೆಸೋಕೆ ಶುರು ಮಾಡಿದ್ರು, ಒರೆಸಿದ ಜಾಗಾನೇ ಮತ್ತೆ ಮತ್ತೆ ಒರೆಸಿದ್ರು. ನನ್ನ ಬಾಯಿಗೆ ಯಾರೂ ಕೈ ಹಾಕಿರ್ಲಿಲ್ಲ, ಒಂದು ಹನಿ ರಕ್ತ ಬಂದಿರ್ಲಿಲ್ಲ. ಕತ್ತಿನ ಬಟ್ಟೆ ನಾನೇ ಬಿಚ್ಚಿ ಬುಟ್ಟಿಗೆ ಹಾಕಿ, ಊದಿದ ದವಡೆ ಇಟ್ಕೊಂಡು ಆಚೆ ಬಂದೆ.

ಯಾವ ಸೆಟಪ್ ಸ್ವಾಮಿ? ಗ್ಲೌಸು, ಮಾಸ್ಕು, ಕಣ್ಣಿಗೆ ಕನ್ನಡಕ, ಉಪಕರಣಗಳನ್ನ ಬಿಸಿ ಹಬೆಯಲ್ಲಿ ಸೋಂಕು ಕೊಲ್ಲೋ ಆಟೋಕ್ಲೇವ್‌ಗೆ ಹಾಕೋದು, ಸೂಜಿಯನ್ನ ಚೂಪಾದ ವಸ್ತುಗಳಿಗೆ ಅಂತಾನೇ ಇರೋ ಶಾರ್ಪ್ಸ್ ಡಬ್ಬಕ್ಕೆ ಹಾಕೋದು, ಇಷ್ಟೇ ತಾನೇ. ಇದು ನಿಮ್ಮಲ್ಲಿ ಇಲ್ಲ ಅಂದ್ರೆ ನನ್ನೊಬ್ಬನಿಗೆ ಮಾತ್ರ ಅಲ್ಲ, ಆವತ್ತು ಆ ಚೇರಲ್ಲಿ ಕೂತ ಯಾರಿಗೂ ನೀವು ಚಿಕಿತ್ಸೆ ಕೊಡಬಾರ್ದಿತ್ತು. ಇದೆ ಅಂದ್ರೆ ನನಗೂ ಅದೇ ಸಾಕು. ಇದೇ ವಿಷಯ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಸಿಡ್ನಿ ಅಬಾಟ್ ಅನ್ನೋ ಹೆಣ್ಣುಮಗಳು ಹುಳುಕು ಹಲ್ಲು ತುಂಬಿಸ್ಕೊಳ್ಳೋಕೆ ಹೋದಾಗ, ಎಚ್‌ಐವಿ ಇದೆ ಅಂತ ಗೊತ್ತಾಗಿ ದಂತವೈದ್ಯರು ನಮ್ಮ ಕ್ಲಿನಿಕ್ಕಲ್ಲಿ ಆಗಲ್ಲ, ಆಸ್ಪತ್ರೆಯಲ್ಲಾದ್ರೆ ಮಾಡ್ತೀನಿ ಅಂದಿದ್ರು. ಅವರು ಕೇಸ್ ಹಾಕಿದ್ರು, 1998ರಲ್ಲಿ ಕೋರ್ಟು ಲಕ್ಷಣಗಳು ಕಾಣಿಸ್ಕೊಳ್ಳದೇ ಇದ್ರೂ ಎಚ್‌ಐವಿ ಇರೋರಿಗೆ ತಾರತಮ್ಯದ ವಿರುದ್ಧ ಕಾನೂನಿನ ರಕ್ಷಣೆ ಇದೆ ಅಂತ ಹೇಳ್ತು. ಅಷ್ಟು ಹಳೇ ತೀರ್ಪು. ಇವತ್ತಿಗೂ ಜಗತ್ತಿನ ಎಷ್ಟೋ ಕಡೆ "ಸೆಟಪ್ ಇಲ್ಲ" ಅನ್ನೋ ಮಾತು ಕೇಳ್ಬೇಕಾಗತ್ತೆ, ಅಥವಾ ಅದರ ಇನ್ನೊಂದು ರೂಪ, ಆಪರೇಷನ್ ಲಿಸ್ಟಲ್ಲಿ ನಮ್ಮ ಹೆಸರನ್ನ ಸುಮ್ನೆ ಕೊನೆಗೆ ತಳ್ಳೋದು, ಬೆಳಗ್ಗಿಂದ ಹೊಟ್ಟೆ ಖಾಲಿ ಇಟ್ಕೊಂಡು ಕಾದು ಸಂಜೆಗೆ "ಇವತ್ತು ಟೈಮ್ ಆಯ್ತು, ನಾಳೆ ನೋಡೋಣ" ಅನ್ನಿಸ್ಕೊಳ್ಳೋದು.

ನಿಮ್ಮ ಭಯ ಸುಳ್ಳು ಅಂತ ನಾನು ಹೇಳಲ್ಲ. ಸೂಜಿ ಚುಚ್ಚಿಕೊಳ್ಳೋದು ನಿಜವಾದ ಅಪಾಯ, ರಾತ್ರಿ ಪಾಳಿಯಲ್ಲಿ ಒಬ್ಬರೇ ಇಡೀ ವಾರ್ಡ್ ನೋಡ್ಕೊಳ್ತಿರೋ ಸಿಸ್ಟರ್‌ಗೆ ಕೈ ತಪ್ಪೋದು ಸಹಜ, ಅಂಥ ರಾತ್ರಿ ಅವರು ಮನೆಗೆ ಹೋಗಿ ಮಕ್ಕಳ ಮುಖ ನೋಡ್ಕೊಂಡು ಏನು ಅಂದ್ಕೊಳ್ತಾರೆ ಅನ್ನೋದನ್ನ ನಾನು ಊಹಿಸ್ಕೋಬಲ್ಲೆ, ಯಾಕಂದ್ರೆ ನನ್ನ ರಿಪೋರ್ಟ್ ಬಂದ ದಿನ ನಾನೂ ಅದನ್ನೇ ಅಂದ್ಕೊಂಡಿದ್ದೆ. ಆದ್ರೆ ಆ ಅಪಾಯ ಎಷ್ಟು ಅನ್ನೋದು ಲೆಕ್ಕ ಹಾಕಿಟ್ಟಿರೋ ವಿಷಯ. ಎಚ್‌ಐವಿ ಇರೋರ ರಕ್ತ ಇದ್ದ ಸೂಜಿ ಚುಚ್ಚಿದ್ರೆ ಸೋಂಕು ತಗುಲೋ ಸಾಧ್ಯತೆ ಸುಮಾರು ಶೇಕಡ 0.3, ಅಂದ್ರೆ ಸಾವಿರದಲ್ಲಿ ಮೂರು. ಲಿವರ್‌ಗೆ ಬರೋ ಹೆಪಟೈಟಿಸ್ ಬಿ ಕಾಯಿಲೆಯ ಲಸಿಕೆ ಹಾಕಿಸ್ಕೊಳ್ಳದೇ ಇರೋರಿಗೆ ಆ ವೈರಸ್ ಇರೋ ಸೂಜಿ ಚುಚ್ಚಿದ್ರೆ ಶೇಕಡ 6ರಿಂದ 30. ಆದ್ರೂ ಹೆಪಟೈಟಿಸ್ ಬಿ ಇರೋರನ್ನ ಕಂಡು ಯಾರೂ ಬಾಗಿಲ ಹತ್ರ ನಿಂತು ಮಾತಾಡಿಸಿದ್ದು ನಾನು ನೋಡಿಲ್ಲ. ಎಚ್‌ಐವಿ ವಿಷಯದಲ್ಲಿ ಆ ಸಾವಿರಕ್ಕೆ ಮೂರನ್ನೂ ಇನ್ನೂ ಕೆಳಗಿಳಿಸೋಕೆ ಪೆಪ್ ಅನ್ನೋ, ಸೂಜಿ ಚುಚ್ಚಿದ ಮೇಲೆ ಸೋಂಕು ತಡೆಯೋಕೆ ತಗೊಳ್ಳೋ ಔಷಧಿ ಇದೆ, ಆದಷ್ಟು ಬೇಗ, ತಡ ಅಂದ್ರೂ 72 ಗಂಟೆ ಒಳಗೆ ಶುರು ಮಾಡಿ 28 ದಿನ ತಗೋಬೇಕು. ಅದರ ಮೇಲೆ ರೋಗಿ ಮಾತ್ರೆ ಸರಿಯಾಗಿ ತಗೊಂಡು ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ರೆ ಅಪಾಯ ಇನ್ನೂ ಎಷ್ಟೋ ಪಾಲು ಕಮ್ಮಿ.

ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1985ರಿಂದ 2013ರ ತನಕ ಲೆಕ್ಕ ಇಟ್ಟಿತ್ತು. ಅಷ್ಟು ದೊಡ್ಡ ದೇಶದಲ್ಲಿ, ಅಷ್ಟು ವರ್ಷದಲ್ಲಿ, ಕೆಲಸದ ಜಾಗದಲ್ಲೇ ಎಚ್‌ಐವಿ ತಗುಲಿದ್ದು ಅಂತ ಖಚಿತವಾದ ಆರೋಗ್ಯ ಸಿಬ್ಬಂದಿ 58 ಜನ. 1999ರಿಂದ ಈಚೆಗೆ ಒಂದೇ ಒಂದು, ಅದೂ ಲ್ಯಾಬಲ್ಲಿ ಜೀವಂತ ವೈರಸ್ ಬೆಳೆಸಿದ ಕಲ್ಚರ್ ಜೊತೆ ಕೆಲಸ ಮಾಡ್ವಾಗ ಸೂಜಿ ಚುಚ್ಚಿಸ್ಕೊಂಡ ಟೆಕ್ನಿಷಿಯನ್. ಈ 58ರಲ್ಲಿ ಒಬ್ಬೊಬ್ಬರೂ ಒಂದು ಜೀವ, ಅದನ್ನ ನಾನು ಸಣ್ಣದು ಮಾಡ್ತಿಲ್ಲ. ಆದ್ರೆ ರೋಗಿಯ ಬಿಪಿ ನೋಡಿ, ಕೈ ಹಿಡಿದು ಎಬ್ಬಿಸಿ ಕೂರಿಸಿ, ಬೆಡ್‌ಶೀಟ್ ಬದಲಾಯಿಸಿ ಯಾರಿಗೂ ಎಚ್‌ಐವಿ ಬಂದಿಲ್ಲ, ಬರೋದೂ ಇಲ್ಲ. ಎಂಜಲು, ಬೆವರು, ಕಣ್ಣೀರು, ಕೆಮ್ಮು, ಸೊಳ್ಳೆ, ಟಾಯ್ಲೆಟ್ ಸೀಟು, ಒಂದೇ ಲೋಟ, ಇದ್ಯಾವುದ್ರಿಂದಾನೂ ಬರಲ್ಲ. ದೇಹದ ಆಚೆ ಈ ವೈರಸ್ ಬಹಳ ದುರ್ಬಲ, ಸಾಮಾನ್ಯ ಬ್ಲೀಚ್‌ಗೂ ಸ್ಪಿರಿಟ್‌ಗೂ ಬಿಸಿಗೂ ಸಾಯತ್ತೆ. ಇದನ್ನೆಲ್ಲ ನೀವು ಪರೀಕ್ಷೆಗೆ ಓದಿದೀರಿ, ಮಾರ್ಕ್ಸೂ ತಗೊಂಡಿದೀರಿ. ಆದ್ರೂ ಜ್ವರ ನೋಡೋಕೆ ಒಂದರ ಮೇಲೊಂದು ಎರಡು ಜೊತೆ ಗ್ಲೌಸ್ ಹಾಕ್ಕೊಂಡು ಬರ್ತೀರಲ್ಲ, ಆಗ ಪಕ್ಕದ ಬೆಡ್ಡಿನೋರು ನಿಮ್ಮ ಕೈ ನೋಡಿ ಆಮೇಲೆ ನನ್ನ ಮುಖ ನೋಡ್ತಾರೆ.

ಇನ್ನೊಂದು ವಿಷಯ, ಇದನ್ನ ದಯವಿಟ್ಟು ನಿಧಾನವಾಗಿ ಓದಿ. ಆಪರೇಷನ್‌ಗೆ ಮುಂಚೆ ಎಲ್ಲರಿಗೂ ಟೆಸ್ಟ್ ಮಾಡಿಸಿ, ಎಷ್ಟೋ ಸಲ ರೋಗಿಗೆ ಹೇಳದೇನೇ ಮಾಡಿಸಿ, ಪಾಸಿಟಿವ್ ಬಂದೋರಿಗೆ ಮಾತ್ರ ವಿಶೇಷ ಎಚ್ಚರಿಕೆ ತಗೊಂಡ್ರೆ ನೀವು ಸೇಫ್ ಅಂತ ಅಂದ್ಕೊಂಡಿದ್ರೆ, ಅದು ತಲೆಕೆಳಗಾದ ಲೆಕ್ಕ. ಸೋಂಕು ತಗುಲಿದ ಮೊದಲ ಕೆಲವು ವಾರ ಟೆಸ್ಟಲ್ಲಿ ಗೊತ್ತೇ ಆಗ್ದೇ ಇರಬಹುದು, ಅದಕ್ಕೇ ವಿಂಡೋ ಪೀರಿಯಡ್ ಅನ್ನೋದು, ಆದ್ರೆ ರಕ್ತದಲ್ಲಿ ವೈರಸ್ ತೀರಾ ಹೆಚ್ಚಾಗಿರೋದು ಹೆಚ್ಚುಕಮ್ಮಿ ಅದೇ ಶುರುವಿನ ವಾರಗಳಲ್ಲಿ. ಅಂದ್ರೆ ನೆಗೆಟಿವ್ ರಿಪೋರ್ಟ್ ಹಿಡ್ಕೊಂಡು ಬಂದು ಟೇಬಲ್ ಮೇಲೆ ಮಲಗಿರೋರ ರಕ್ತದಲ್ಲಿ ಲಕ್ಷಗಟ್ಲೆ ವೈರಸ್ ಇರಬಹುದು, ಪಾಸಿಟಿವ್ ಅಂತ ಬಾಯಿಬಿಟ್ಟು ಹೇಳಿದ ನನ್ನ ರಕ್ತದಲ್ಲಿ ಮೆಷಿನ್‌ಗೆ ಸಿಗೋಷ್ಟೂ ಇಲ್ಲದೇ ಇರಬಹುದು. ನೀವು ಅವರ ಹತ್ರ ಆರಾಮಾಗಿದ್ದು ನನ್ನ ಹತ್ರ ಬಾಗಿಲಲ್ಲೇ ನಿಲ್ತೀರಿ. 1985, 87ರ ಹೊತ್ತಿಗೇ ಸಿಡಿಸಿ ಎಲ್ಲರ ರಕ್ತಾನೂ ಸೋಂಕಿರೋ ರಕ್ತ ಅಂತಾನೇ ತಿಳ್ಕೊಂಡು ಕೆಲಸ ಮಾಡಿ ಅಂತ ನಿಯಮ ಮಾಡಿದ್ದು ಇದಕ್ಕೇ. 1996ರಿಂದ ಅದಕ್ಕೆ ಸ್ಟ್ಯಾಂಡರ್ಡ್ ಪ್ರಿಕಾಷನ್ ಅಂತ ಹೆಸರು. ನಿಮ್ಮನ್ನ ಕಾಪಾಡೋದು ಆ ನಿಯಮ, ಅದೂ ಎಲ್ಲರಿಗೂ ಒಂದೇ ಥರ ಪಾಲಿಸಿದ್ರೆ ಮಾತ್ರ. ನನ್ನ ಕೇಸ್‌ಶೀಟ್ ಮೇಲೆ ಕೆಂಪು ಇಂಕಲ್ಲಿ ದಪ್ಪಕ್ಷರದಲ್ಲಿ ಬರೆದ್ರೆ ಯಾರಿಗೂ ಯಾವ ರಕ್ಷಣೆಯೂ ಸಿಗಲ್ಲ.

ಆ ಕೆಂಪು ಇಂಕಿನ ಬಗ್ಗೆ ಸ್ವಲ್ಪ ಹೇಳ್ಬೇಕು. ಒಂದ್ಸಲ ಅಡ್ಮಿಟ್ ಆಗಿದ್ದೆ, ಎಚ್‌ಐವಿಗೂ ಅದಕ್ಕೂ ಸಂಬಂಧ ಇರ್ಲಿಲ್ಲ. ಫೈಲನ್ನ ಮಂಚದ ಕಾಲ್ಕಡೆ ಕ್ಲಿಪ್ಪಿಗೆ ಸಿಗಿಸಿದ್ರು, ಅಕ್ಷರ ಎಷ್ಟು ದೊಡ್ಡದಿತ್ತು ಅಂದ್ರೆ ಓಡಾಡೋರೆಲ್ಲ ಓದ್ಕೊಂಡೇ ಹೋಗಬಹುದಿತ್ತು. ಮೊದ್ಲ ದಿನ ಪಕ್ಕದ ಬೆಡ್ಡಿನ ಅಜ್ಜಿಯ ಮಗಳು ನಂಗೆ ನೀರು ತುಂಬಿಸಿ ಕೊಟ್ಟಿದ್ರು, ಅಣ್ಣಾ ಏನಾದ್ರೂ ಬೇಕಿದ್ರೆ ಕೇಳಿ ಅಂದಿದ್ರು. ಮಾರನೇ ದಿನ ಅವರು ಅಜ್ಜಿಯ ಮಂಚಾನ ಗೋಡೆ ಕಡೆಗೆ ಎಳ್ಕೊಂಡಿದ್ರು, ಮಧ್ಯ ಇದ್ದ ಪರದೆ ಪೂರ್ತಿ ಮುಚ್ಚಿದ್ರು. ಅವರ ಮೇಲೆ ನಂಗೆ ಬೇಜಾರಿಲ್ಲ, ನಿಜವಾಗ್ಲೂ ಇಲ್ಲ. ಆಸ್ಪತ್ರೆಯೋರೇ ಕೆಂಪಲ್ಲಿ ಬರೆದು ಹೆದರಿದ್ದನ್ನ ಅವರು ಕಣ್ಣಾರೆ ನೋಡಿದ್ರು, ಓದಿದ ಡಾಕ್ಟ್ರೇ ಅಷ್ಟು ದೂರ ನಿಂತ್ರೆ ಅವರಿನ್ನೇನು ತಿಳ್ಕೋಬೇಕು? ಜನಕ್ಕೆ ಅರಿವು ಇಲ್ಲ ಅಂತ ಆರೋಗ್ಯ ಇಲಾಖೆಗಳು ಪೋಸ್ಟರ್ ಅಂಟಿಸ್ತಾನೇ ಇರ್ತವೆ, ಆದ್ರೆ ಜನ ಕಲಿಯೋದು ಪೋಸ್ಟರ್ ನೋಡಿ ಅಲ್ಲ, ನಿಮ್ಮನ್ನ ನೋಡಿ. ವಾರ್ಡಲ್ಲಿ ನೀವು ನನ್ನ ಹೆಗಲ ಮೇಲೆ ಕೈ ಇಟ್ಟು "ರಾತ್ರಿ ನಿದ್ದೆ ಬಂತಾ?" ಅಂತ ಕೇಳಿದ್ರೆ ಆ ಪರದೆ ಮುಚ್ತಿರ್ಲಿಲ್ಲ ಅಂತ ನಂಗೆ ಖಾತ್ರಿ ಇದೆ.

ಇದನ್ನ ನಾನು ಸುಮ್ನೆ ಆಸೆಗೆ ಹೇಳ್ತಿಲ್ಲ, ಇತಿಹಾಸದಲ್ಲೇ ಆಗಿದೆ. 1981ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನ ಐದು ಜನ ಗಂಡಸರ ವಿಚಿತ್ರ ನ್ಯುಮೋನಿಯಾ ಬಗ್ಗೆ ಮೊದಲ ವರದಿ ಬಂತು, ಅಲ್ಲಿಂದ ಶುರುವಾದ ವರ್ಷಗಳಲ್ಲಿ ಏನು ಕಾಯಿಲೆ, ಹೇಗೆ ಹರಡತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಸಲಿಂಗಿಗಳು, ಹೆರಾಯಿನ್ ಚುಚ್ಕೊಳ್ಳೋರು, ಹಿಮೋಫಿಲಿಯಾ (ರಕ್ತ ಹೆಪ್ಪುಗಟ್ಟದ ಕಾಯಿಲೆ) ಇರೋರು, ಹೈಟಿ ದೇಶದೋರು, ಈ ನಾಲ್ಕು ಗುಂಪಿನ ಕಾಯಿಲೆ ಅಂತ ಮಾತು ಹುಟ್ಟಿತು, ಅಲ್ಲಿಗೆ ಇದು "ಅಂಥೋರ" ಕಾಯಿಲೆ ಅನ್ನೋ ಮುದ್ರೆ ಬಿತ್ತು, ಇವತ್ತಿನ ತನಕ ಅದು ಅಳಿಸಿಲ್ಲ. ಆವಾಗ ಹೆದರಿದ ನರ್ಸ್‌ಗಳನ್ನ ನಾನು ದೂರಲ್ಲ. ಆದ್ರೆ ಅದೇ ಕಾಲದಲ್ಲಿ, 1983ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ 5ಬಿ ಅಂತ ಒಂದು ವಾರ್ಡ್ ಶುರುವಾಯ್ತು. ಕ್ಲಿಫ್ ಮಾರಿಸನ್ ಅನ್ನೋ ನರ್ಸ್ ಅದನ್ನ ಕಟ್ಟಿದ್ದು, ಅಲ್ಲಿಗೆ ಬಂದ ನರ್ಸ್‌ಗಳೆಲ್ಲ ತಾವಾಗೇ ಕೇಳ್ಕೊಂಡು ಬಂದೋರು. ವೈರಸ್ ಆಗಷ್ಟೇ ಪ್ಯಾರಿಸ್ಸಿನ ಪಾಶ್ಚರ್ ಇನ್‌ಸ್ಟಿಟ್ಯೂಟಲ್ಲಿ ಸಿಕ್ಕಿತ್ತು, ಟೆಸ್ಟ್ ಬರೋಕೆ ಇನ್ನೂ ಎರಡು ವರ್ಷ ಇತ್ತು, ಔಷಧಿಯಂತೂ ಇರ್ಲೇ ಇಲ್ಲ. ಆ ನರ್ಸ್‌ಗಳು ರೋಗಿಗಳ ಕೈ ಹಿಡಿದ್ರು, ತಬ್ಕೊಂಡ್ರು, ಪಕ್ಕದಲ್ಲಿ ಕೂತ್ರು. ಇವತ್ತು ನಿಮ್ಮ ಕೈಲಿರೋದ್ರಲ್ಲಿ ಹತ್ತನೇ ಒಂದು ಭಾಗ ತಿಳುವಳಿಕೇನೂ ಅವರ ಕೈಲಿರ್ಲಿಲ್ಲ.

1987ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ರಾಜಕುಮಾರಿ ಡಯಾನಾ ಏಡ್ಸ್ ವಾರ್ಡ್ ಉದ್ಘಾಟನೆಗೆ ಹೋಗಿ ಗ್ಲೌಸ್ ಇಲ್ದೇ ರೋಗಿಯ ಕೈ ಕುಲುಕಿದ ಫೋಟೋ ಎಲ್ಲರೂ ನೋಡಿರ್ತೀರಿ. ಆ ಫೋಟೋದಲ್ಲಿ ಆ ರೋಗಿಯ ಮುಖ ಕಾಣಲ್ಲ. ಮುಖ ತೋರಿಸಬಾರ್ದು ಅನ್ನೋ ಷರತ್ತಿನ ಮೇಲೇ ಅವರು ಫೋಟೋಗೆ ಒಪ್ಪಿದ್ದು. ಜಗತ್ತೆಲ್ಲ ಮೆಚ್ಚಿದ ಆ ಕ್ಷಣದಲ್ಲೂ ಅವರಿಗೆ ತಮ್ಮ ಮುಖ ಬಚ್ಚಿಡಬೇಕು ಅನ್ಸಿತ್ತು. ಈ ಪತ್ರದ ಕೆಳಗೆ ನಾನು ಹೆಸರು ಹಾಕದೇ ಇರೋದು ಅದೇ ಕಾರಣಕ್ಕೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಜೊನಾಥನ್ ಮಾನ್ ವಿಶ್ವಸಂಸ್ಥೆಯಲ್ಲಿ ಮಾತಾಡ್ತಾ, ಇಲ್ಲಿರೋದು ಒಂದಲ್ಲ ಮೂರು ಪಿಡುಗು, ಮೊದಲು ಎಚ್‌ಐವಿ, ಆಮೇಲೆ ಅದು ಮುಂದುವರಿದು ಬರೋ ಏಡ್ಸ್, ಮೂರನೇದು ಇದಕ್ಕೆ ಸಮಾಜ ತೋರಿಸೋ ಪ್ರತಿಕ್ರಿಯೆ ಅಂದಿದ್ರು. ಮೊದಲ ಎರಡಕ್ಕೆ 1996ರಿಂದ ಒಳ್ಳೇ ಔಷಧಿ ಬಂತು. ಮೂರನೇದಕ್ಕೆ ಲ್ಯಾಬಲ್ಲಿ ಔಷಧಿ ಹುಟ್ಟಲ್ಲ.

ಈಗ ಬೆಂಚಿನ ಮೇಲೆ ಕೂತಿರೋರ ಜೊತೆ ಮಾತು. ನೀವು ಕೆಟ್ಟೋರಲ್ಲ. ಗೊತ್ತಿಲ್ದೇ ಇರೋದು ಒಂದು, ಗೊತ್ತಿದ್ರೂ ಮನಸ್ಸು ಒಪ್ಪದೇ ಇರೋದು ಇನ್ನೊಂದು. ಗೊತ್ತಿಲ್ದೇ ಇರೋದನ್ನ ಹೇಳ್ತೀನಿ ಕೇಳಿ. ಮಾತ್ರೆ ಸರಿಯಾಗಿ ತಗೊಂಡು ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲೇ ಇದ್ರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ಹರಡೋದೇ ಇಲ್ಲ. ಕಮ್ಮಿ ಹರಡತ್ತೆ ಅಂತಲ್ಲ, ಹರಡಲ್ಲ. 2011ರಲ್ಲಿ ಎಚ್‌ಪಿಟಿಎನ್ 052 ಅಧ್ಯಯನದಲ್ಲಿ 1763 ಜೋಡಿಗಳನ್ನ ನೋಡಿ ಬೇಗ ಚಿಕಿತ್ಸೆ ಶುರು ಮಾಡಿದ್ರೆ ಹರಡೋದು ಶೇಕಡ 96 ಕಮ್ಮಿ ಆಗತ್ತೆ ಅಂತ ಕಂಡ್ಕೊಂಡ್ರು, ಆಮೇಲೆ 2016 ಮತ್ತೆ 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನಗಳಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ ನೂರಾರು ಜೋಡಿಗಳು ಕಾಂಡೋಮ್ ಇಲ್ದೇ ಸಾವಿರಾರು ಸಲ ಸೇರಿದ್ರೂ, ವೈರಸ್ ಹತೋಟಿಯಲ್ಲಿದ್ದ ಸಂಗಾತಿಯಿಂದ ಒಂದು ಸೋಂಕೂ ಬಂದಿರ್ಲಿಲ್ಲ. ಸೊನ್ನೆ. ಎಚ್‌ಐವಿ ಇರೋ ಗರ್ಭಿಣಿಗೆ ಚಿಕಿತ್ಸೆ ಸಿಗದೇ ಇದ್ರೆ ಮಗುವಿಗೆ ಬರೋ ಸಾಧ್ಯತೆ ಶೇಕಡ 15ರಿಂದ 45 ತನಕ ಇರತ್ತೆ, ಸರಿಯಾದ ಚಿಕಿತ್ಸೆ ಸಿಕ್ಕಿದ್ರೆ ಶೇಕಡ 5ಕ್ಕಿಂತ ಕೆಳಗೆ ಇಳಿಯತ್ತೆ. ಚಿಕಿತ್ಸೆ ಬೇಗ ಶುರು ಮಾಡಿ ಬಿಡದೇ ತಗೊಂಡೋರು ಬೇರೆಯೋರ ಹಾಗೇ ಹೆಚ್ಚುಕಮ್ಮಿ ಪೂರ್ತಿ ಆಯಸ್ಸು ಬಾಳ್ತಾರೆ. ಈ ಒಂದು ಪ್ಯಾರಾದಲ್ಲಿರೋ ವಿಷಯಾನ ನಿಮ್ಗೆ ಯಾವ ಡಾಕ್ಟ್ರಾದ್ರೂ ಕೂರಿಸಿ ಹೇಳಿದ್ರಾ? ಬಹಳ ಜನಕ್ಕೆ ಹೇಳಿಲ್ಲ, ಎಚ್‌ಐವಿ ಇರೋರಿಗೇ ಎಷ್ಟೋ ಜನಕ್ಕೆ ಹೇಳಿಲ್ಲ, ಹೇಳಿದ್ರೆ ಜನ ಬೇಜವಾಬ್ದಾರಿ ಆಗ್ತಾರೆ ಅನ್ನೋ ಭಯ ಅವರಿಗೆ. ನನ್ನ ಪ್ರಕಾರ ಅದು ದೊಡ್ಡ ತಪ್ಪು. ಮಾತ್ರೆ ಬಿಡದೇ ತಗೊಳ್ಳೋಕೆ ಅದಕ್ಕಿಂತ ಒಳ್ಳೇ ಕಾರಣ ನಂಗೆ ಬೇರೆ ಯಾವುದೂ ಸಿಕ್ಕಿಲ್ಲ.

ಇನ್ನು ಮನಸ್ಸು ಒಪ್ಪದೇ ಇರೋದು. ಎಲ್ಲಾ ಕೇಳಿಸ್ಕೊಂಡ ಮೇಲೂ ಒಂದು ಪ್ರಶ್ನೆ ಬಂದೇ ಬರತ್ತೆ, ನೆಂಟರಿಂದ ಬರತ್ತೆ, ಸ್ಕ್ಯಾನಿಂಗ್ ಮಾಡೋರಿಂದ ಬರತ್ತೆ, ಕಿವಿ ತೋರಿಸೋಕೆ ಹೋದ್ರೂ ಬರತ್ತೆ: "ಹೇಗೆ ಬಂತು?" ಶುಗರ್ ಇರೋರನ್ನ ಹೀಗೆ ಯಾರೂ ಧ್ವನಿ ತಗ್ಗಿಸಿ ಕೇಳಲ್ಲ. ಚಿಕಿತ್ಸೆಗೆ ಬೇಕಿದ್ರೆ ಕೇಳಿ, ಉತ್ತರ ಹೇಳ್ತೀನಿ. ಆದ್ರೆ ನನ್ನ ಕಿವಿಗೂ ಅದಕ್ಕೂ ಏನು ಸಂಬಂಧ? ಕೇಳೋರಿಗೆ ಬೇಕಿರೋದು ನಾನು ಕರುಣೆಗೆ ಅರ್ಹನಾ ಅಲ್ವಾ ಅನ್ನೋ ತೀರ್ಮಾನ, ರಕ್ತ ಹಾಕಿಸ್ಕೊಂಡು ಬಂದಿದ್ರೆ ಪಾಪ, ಹುಟ್ಟಿನಿಂದ ಬಂದಿದ್ರೆ ಇನ್ನೂ ಪಾಪ, ಬೇರೆ ಥರ ಬಂದಿದ್ರೆ ಮಾಡಿದ್ದುಣ್ಣೋ ಮಹರಾಯ. ಅದಕ್ಕೇ ನಾನು ಹೇಗೆ ಬಂತು ಅಂತ ಈ ಪತ್ರದಲ್ಲಿ ಬರೀತಿಲ್ಲ, ಬರೆಯೋದೂ ಇಲ್ಲ. ಯಾವ ದಾರಿಯಿಂದ ಬಂದಿದ್ರೂ ನಂಗೆ ಸಿಗಬೇಕಾದ ಚಿಕಿತ್ಸೆ ಒಂದೇ, ಮರ್ಯಾದೆಯೂ ಒಂದೇ. ಅಲ್ಲದೇ ಈ "ಪಾಪ" ಅನ್ನೋ ಪಟ್ಟಿಯಲ್ಲಿದ್ದೋರನ್ನಾದ್ರೂ ಜನ ಬಿಟ್ಟಿದ್ರಾ? ಅಮೆರಿಕದ ಇಂಡಿಯಾನಾ ರಾಜ್ಯದ ರಯಾನ್ ವೈಟ್ ಅನ್ನೋ ಹುಡುಗನಿಗೆ ಹಿಮೋಫಿಲಿಯಾ ಇತ್ತು, ಅದರ ಚಿಕಿತ್ಸೆಗೆ ಕೊಟ್ಟ ರಕ್ತದ ಉತ್ಪನ್ನದಿಂದಾನೇ ಎಚ್‌ಐವಿ ಬಂತು, 1984ರಲ್ಲಿ ಗೊತ್ತಾದಾಗ ಅವನಿಗೆ 13 ವರ್ಷ. ಡಾಕ್ಟ್ರುಗಳು ಬೇರೆ ಮಕ್ಕಳಿಗೆ ಏನೂ ಅಪಾಯ ಇಲ್ಲ ಅಂದ್ರೂ ಸ್ಕೂಲಿಗೆ ಸೇರಿಸ್ಲಿಲ್ಲ, ಕೋರ್ಟಿಗೆ ಹೋಗ್ಬೇಕಾಯ್ತು, ಕೊನೆಗೆ ಆ ಕುಟುಂಬ ಊರೇ ಬಿಡ್ತು. 1990ರಲ್ಲಿ 18ನೇ ವಯಸ್ಸಿಗೆ ತೀರ್ಕೊಂಡ.

ನಮ್ಮಂಥೋರು ಏನು ಮಾಡ್ತಾರೆ ಗೊತ್ತಾ? ಮಾತ್ರೆ ಡಬ್ಬಿಯ ಲೇಬಲ್ ಕಿತ್ತು ಹಾಕ್ತಾರೆ. ನಡೆವಾಗ ಬ್ಯಾಗಲ್ಲಿ ಡಬ್ಬಿ ಗಲಗಲ ಅನ್ಬಾರ್ದು ಅಂತ ಒಳಗೆ ಹತ್ತಿ ತುರುಕ್ತಾರೆ. ಹತ್ರದ ಸೆಂಟರಲ್ಲಿ ಪರಿಚಯದೋರು ಸಿಗ್ತಾರೆ ಅಂತ ಬಸ್ ಹತ್ತಿ ದೂರದ ಸೆಂಟರ್‌ಗೆ ಹೋಗ್ತಾರೆ. ಮನೆಗೆ ನೆಂಟರು ಬಂದು ಉಳ್ಕೊಂಡ್ರೆ ಮಾತ್ರೆ ತಗೊಳ್ಳೋಕೆ ಬಚ್ಚಲು ಮನೆಗೆ ಹೋಗ್ತಾರೆ, ಕೆಲವೊಮ್ಮೆ ಹೋಗೋಕಾಗ್ದೇ ಅವತ್ತಿನ ಮಾತ್ರೆ ತಪ್ಪತ್ತೆ, ಹಾಗೆ ತಪ್ಪಿ ತಪ್ಪಿ ಔಷಧಿಗೆ ವೈರಸ್ ಜಗ್ಗದ ಹಾಗಾಗತ್ತೆ. ಇವರಾದ್ರೂ ಪರವಾಗಿಲ್ಲ, ಟೆಸ್ಟ್ ಮಾಡಿಸ್ಕೊಂಡಿದಾರೆ. ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಯುಎನ್‌ಏಡ್ಸ್‌ನ 2023ರ ಅಂದಾಜಿನ ಪ್ರಕಾರ ಜಗತ್ತಲ್ಲಿ ಎಚ್‌ಐವಿ ಜೊತೆ ಬದುಕ್ತಿರೋರು ಹೆಚ್ಚುಕಮ್ಮಿ 3 ಕೋಟಿ 99 ಲಕ್ಷ, ಅದರಲ್ಲಿ ಸುಮಾರು 54 ಲಕ್ಷ ಜನಕ್ಕೆ ತಮಗೆ ಎಚ್‌ಐವಿ ಇದೆ ಅಂತಾನೇ ಗೊತ್ತಿಲ್ಲ. ಆ ಒಂದೇ ವರ್ಷ ಹೊಸದಾಗಿ ಸೋಂಕು ತಗುಲಿದ್ದು 13 ಲಕ್ಷ ಜನಕ್ಕೆ, ಏಡ್ಸ್ ಸಂಬಂಧಿ ಕಾಯಿಲೆಗಳಿಂದ ಸತ್ತಿದ್ದು 6 ಲಕ್ಷ 30 ಸಾವಿರ ಜನ. ಔಷಧಿ ಇದ್ದೂ ಇಷ್ಟು ಜನ ಸತ್ರು. ಎಲ್ಲಾ ಸಾವಿಗೂ ನಾಚಿಕೆಯೇ ಕಾರಣ ಅಂತ ಹೇಳೋಕಾಗಲ್ಲ, ಬಡತನ ಇದೆ, ಯುದ್ಧ ಇದೆ, ಆಸ್ಪತ್ರೆ ದೂರ ಇರೋದಿದೆ. ಆದ್ರೆ ಆ 54 ಲಕ್ಷದಲ್ಲಿ ಎಷ್ಟೋ ಜನ ಟೆಸ್ಟ್ ಸೆಂಟರ್ ಬಾಗಿಲ ತನಕ ಬಂದು ಯಾರಾದ್ರೂ ನೋಡ್ತಾರೆ ಅಂತ ವಾಪಸ್ ಹೋದೋರು ಅನ್ನೋದ್ರಲ್ಲಿ ನಂಗೆ ಅನುಮಾನ ಇಲ್ಲ, ಯಾಕಂದ್ರೆ ಅಂಥೋರನ್ನ ನಾನು ನೋಡಿದೀನಿ, ಮಾತಾಡ್ಸಿದೀನಿ.

ಒಳ್ಳೇದನ್ನೂ ಹೇಳ್ಬೇಕು, ಹೇಳ್ದೇ ಇದ್ರೆ ಅನ್ಯಾಯ ಆಗತ್ತೆ. ಒಬ್ಬರು ಲ್ಯಾಬ್ ಸಿಸ್ಟರ್ ಇದ್ರು. ನನ್ನ ಮುಂದಿದ್ದೋರಿಗೆ ರಕ್ತ ತೆಗೆದ್ರು, ಗ್ಲೌಸ್ ಬಿಚ್ಚಿ ಹಾಕಿ ಕೈ ತೊಳ್ಕೊಂಡು ಹೊಸ ಗ್ಲೌಸ್ ಹಾಕ್ಕೊಂಡ್ರು, ನನ್ನ ಫೈಲ್ ನೋಡಿದ್ರು. ನಾನು ಉಸಿರು ಬಿಗಿ ಹಿಡ್ಕೊಂಡಿದ್ದೆ, ಈಗ ಇನ್ನೊಂದು ಜೊತೆ ಹಾಕ್ಕೊಳ್ತಾರೆ, ಈಗ ಯಾರನ್ನೋ ಕರೀತಾರೆ ಅಂತ. ಅವರು "ಯಾವ ಕೈಲಿ ನರ ಚೆನ್ನಾಗಿ ಸಿಗತ್ತೆ ನಿಮ್ಗೆ?" ಅಂತ ಕೇಳಿದ್ರು ಅಷ್ಟೇ. ಎಡಗೈ ಅಂದೆ. ಪಟ್ಟಿ ಕಟ್ಟಿ, ಬೆರಳಲ್ಲಿ ಮೆಲ್ಲಗೆ ತಟ್ಟಿ ನರ ಹುಡುಕಿ, ತೆಗೆದು, ಹತ್ತಿ ಒತ್ತಿ ಹಿಡಿದು, ನಾನು ಅದನ್ನ ಹಿಡ್ಕೊಳ್ಳೋ ತನಕ ಕೈ ತೆಗೀಲಿಲ್ಲ. ಆಮೇಲೆ ನನ್ನ ಹಿಂದಿದ್ದೋರಿಗೂ ಹೊಸ ಗ್ಲೌಸ್. ನಂಗೆ ಅವರು ಯಾವ ದಯೆಯನ್ನೂ ತೋರಿಸ್ಲಿಲ್ಲ, ನಿಯಮ ಪಾಲಿಸಿದ್ರು, ಎಲ್ಲರಿಗೂ ಒಂದೇ ಥರ ಪಾಲಿಸಿದ್ರು. ಆವತ್ತು ಮನೆಗೆ ಬಂದು ನಾನು ಅತ್ತೆ, ಬೇಜಾರಿಗಲ್ಲ.

ಹಾಗಾಗಿ ನಾನು ಕೇಳೋದು ಪ್ರೀತಿಯನ್ನಲ್ಲ, ಅದು ಬಂದ್ರೆ ಬರ್ಲಿ. ಆಸ್ಪತ್ರೆ ನಡೆಸೋರೇ, ಫೈಲ್ ಮೇಲೆ, ಮಂಚದ ಮೇಲೆ, ರಕ್ತದ ಟ್ಯೂಬಿನ ಮೇಲೆ ಎದ್ದುಕಾಣೋ ಹಾಗೆ ಗುರುತು ಹಾಕೋದನ್ನ ನಿಲ್ಸಿ, ಚಿಕಿತ್ಸೆಗೆ ಬೇಕಾದ ಮಾಹಿತಿ ಫೈಲ್ ಒಳಗಿದ್ರೆ ಸಾಕು, ನೋಡ್ಬೇಕಾದೋರು ಮಾತ್ರ ನೋಡ್ಲಿ. ಟೆಸ್ಟ್ ಮಾಡೋ ಮುಂಚೆ ನಮ್ಮನ್ನ ಕೇಳಿ, ರಿಸಲ್ಟ್ ಮೊದ್ಲು ನಮಗೆ ಹೇಳಿ, ನಮ್ಮ ಜೊತೆ ಬಂದ ಅಣ್ಣನಿಗೋ ಮಾವನಿಗೋ ಕಾರಿಡಾರಲ್ಲಿ ಹೇಳ್ಬೇಡಿ. ನಿಮ್ಮ ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕ್ಸಿ. ಕ್ಲೀನ್ ಮಾಡೋರಿಗೂ ದಪ್ಪ ಗ್ಲೌಸ್ ಕೊಡ್ಸಿ, ಅವರಿಗೂ ಟ್ರೈನಿಂಗ್ ಕೊಡಿ, ಕಸದ ಚೀಲ ಎತ್ತೋವಾಗ ಅವರ ಕೈಗೂ ಸೂಜಿ ಚುಚ್ಚತ್ತೆ, ಆದ್ರೆ ಅವರನ್ನ ಯಾವ ಸೆಮಿನಾರಿಗೂ ಯಾರೂ ಕರೆಯಲ್ಲ. ಖಾಲಿಯಾದ ಗ್ಲೌಸ್ ಬಾಕ್ಸ್ ತೋರಿಸಿ ಧೈರ್ಯವಾಗಿರಿ ಅಂತ ಸಿಸ್ಟರ್‌ಗಳಿಗೆ ಹೇಳ್ಬೇಡಿ, ಅವರ ಭಯ ಹೋಗ್ಬೇಕು ಅಂದ್ರೆ ಬಾಕ್ಸ್ ತುಂಬಿರ್ಬೇಕು.

ಇನ್ನೊಂದು ಕೆಲಸ ನಾಳೇನೇ ಮಾಡಬಹುದು. ರಾತ್ರಿ ಎರಡು ಗಂಟೆಗೆ ನಿಮ್ಮ ಆಸ್ಪತ್ರೆಯಲ್ಲಿ ಯಾರಿಗಾದ್ರೂ ಸೂಜಿ ಚುಚ್ಚಿದ್ರೆ ಪೆಪ್ ಮಾತ್ರೆ ಎಲ್ಲಿದೆ, ಬೀಗದ ಕೈ ಯಾರ ಹತ್ರ ಇದೆ, ಯಾರಿಗೆ ಫೋನ್ ಮಾಡ್ಬೇಕು ಅಂತ ಪಾಳಿಯಲ್ಲಿರೋ ಪ್ರತಿಯೊಬ್ಬರನ್ನೂ ಕೇಳಿ ನೋಡಿ. ಉತ್ತರ ಬರ್ಲಿಲ್ಲ ಅಂದ್ರೆ ಆ ಮಾಹಿತಿಯನ್ನ ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿ, ಅದಕ್ಕೆ ಬೇಕಿದ್ರೆ ಕೆಂಪು ಇಂಕನ್ನೇ ಬಳಸಿ.

ಇಂತಿ,
ನಿಮ್ಮ ರೋಗಿಗಳಲ್ಲಿ ಒಬ್ಬ